"ಹೇಗೆ ಓದ್ತಿದ್ದಾನೆ ಮೇಡಂ?" ಅಷ್ಟೇ ಕೇಳಿದರೆ ಸಾಲದು: ಮಗುವಿನ ಟೀಚರ್ ಜೊತೆ ಮಾತಾಡುವುದು ಹೇಗೆ

ಪೋಷಕರ ಸಭೆಗೆ ಬಂದವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ. "ನಮ್ಮ ಹುಡುಗ ಹೇಗೆ ಓದ್ತಿದ್ದಾನೆ ಮೇಡಂ?" ಅದಕ್ಕೆ ಸಿಗುವ ಉತ್ತರವೂ ಒಂದೇ. "ಪರವಾಗಿಲ್ಲ, ಮನೇಲಿ ಇನ್ನೂ ಸ್ವಲ್ಪ ಓದಿಸಿ." ಆಮೇಲೆ ಒಂದು ಸಹಿ, ಮುಗಿಯಿತು. ಅರ್ಧ ದಿನದ ಕೂಲಿ ಬಿಟ್ಟು ಬಂದ ತಾಯಿಗೆ ಹೊಸದಾಗಿ ಏನೂ ತಿಳಿಯಲಿಲ್ಲ. ಟೀಚರ್‌ಗೂ ಏನೂ ತಿಳಿಯಲಿಲ್ಲ.

ನಾನು ಸರ್ಕಾರಿ ಶಾಲೆಯಲ್ಲಿ ಚಿಕ್ಕ ತರಗತಿಗಳಿಗೆ ಪಾಠ ಮಾಡುವವಳು. ಮಗು ಮನೆಯಲ್ಲಿ ಹೇಗಿರುತ್ತದೆ ಅನ್ನುವುದು ನಮಗೆ ಕಾಣುವುದಿಲ್ಲ. ತರಗತಿಯಲ್ಲಿ ಹೇಗಿರುತ್ತದೆ ಅನ್ನುವುದು ನಿಮಗೆ ಕಾಣುವುದಿಲ್ಲ. ನೀವು ಕಂಡದ್ದನ್ನು ಬಿಡಿಬಿಡಿಯಾಗಿ ಹೇಳಿದರೆ ನಾವೂ ಹಾಗೇ ಬಿಡಿಬಿಡಿಯಾಗಿ ಹೇಳಲು ಆಗುತ್ತದೆ. "ಚೆನ್ನಾಗಿ ಓದ್ತಾನಾ" ಅಂದರೆ ನಮಗೂ ಮಾತು ಸಿಗುವುದಿಲ್ಲ. ಇದು ಒಂದು ಶಾಲಾ ವರ್ಷಕ್ಕೆ, ಜೂನ್‌ನಿಂದ ಏಪ್ರಿಲ್‌ವರೆಗೆ, ತಂದೆತಾಯಿಗಳು ಹೆಜ್ಜೆ ಹೆಜ್ಜೆಯಾಗಿ ಮಾಡಬಹುದಾದ ಕೆಲಸ. ಓದು ಬರಹ ಬಾರದವರಿಗೂ ಇದು ಆಗುತ್ತದೆ.

1. ಜೂನ್‌ನಲ್ಲೇ ಒಮ್ಮೆ ಹೋಗಿ, ತೊಂದರೆ ಏನೂ ಇಲ್ಲದಿದ್ದಾಗ

ಹೆಚ್ಚಿನ ಪೋಷಕರು ಮೊದಲ ಸಲ ಶಾಲೆಗೆ ಬರುವುದು ಏನಾದರೂ ಎಡವಟ್ಟಾದಾಗ. ಆಗ ಇಬ್ಬರಿಗೂ ಬಿಸಿ ಏರಿರುತ್ತದೆ, ಪರಿಚಯವೂ ಇರುವುದಿಲ್ಲ. ಶಾಲೆ ಶುರುವಾದ ಎರಡು ಮೂರು ವಾರದೊಳಗೆ ಸುಮ್ನೆ ಒಮ್ಮೆ ಹೋಗಿ ಬನ್ನಿ. ಐದು ನಿಮಿಷ ಸಾಕು.

ಯಾವಾಗ ಹೋಗಬೇಕು? ಬೆಳಿಗ್ಗೆ ಪ್ರಾರ್ಥನೆ ಹೊತ್ತಿನಲ್ಲಿ ಬೇಡ. ಬಿಸಿಯೂಟದ ಹೊತ್ತಿನಲ್ಲೂ ಬೇಡ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು. ಅಂದರೆ ಐದು ತರಗತಿಗೆ ಇಬ್ಬರೇ. ಒಬ್ಬರು ಒಂದು, ಎರಡು, ಮೂರನ್ನು ಒಟ್ಟಿಗೆ ಕೂರಿಸಿಕೊಂಡಿರುತ್ತಾರೆ. ಇದರ ಜೊತೆಗೆ ಹಾಲು, ಮೊಟ್ಟೆ, ಊಟದ ಲೆಕ್ಕ, ಮಕ್ಕಳ ವಿವರ ಇಡುವ ಸರ್ಕಾರದ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿ ಮಾಹಿತಿ ತುಂಬುವುದು, ಚುನಾವಣೆ ಬಂದರೆ ಅದರ ಕೆಲಸ. 2025ರ ದಸರೆಯಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಾಕಿದ್ದರಿಂದ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಿದ್ದು ನಿಮಗೆ ನೆನಪಿರಬಹುದು. ಗೇಟಿನ ಹತ್ತಿರ ನಿಲ್ಲಿಸಿದಾಗ ಟೀಚರ್ ಅವಸರದಲ್ಲಿ ಮಾತಾಡಿದರೆ ಅದು ಅಸಡ್ಡೆ ಅಂದುಕೊಳ್ಳಬೇಡಿ. ಹಿಂದಿನ ದಿನವೇ ಕೇಳಿ: "ನಾಳೆ ಶಾಲೆ ಬಿಟ್ಟ ಮೇಲೆ ಐದು ನಿಮಿಷ ಸಿಗ್ತೀರಾ ಮೇಡಂ?" ಈ ಒಂದು ಮಾತಿಗೆ ತುಂಬಾ ಬೆಲೆ ಇದೆ.

ಹೋದಾಗ ಏನು ಹೇಳಬೇಕು ಅನ್ನುವುದು ಮುಖ್ಯ. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಅಂತ ಮೊದಲು ಹೇಳಿ. ತುಳು, ಉರ್ದು, ಲಂಬಾಣಿ, ತೆಲುಗು, ಕೊಂಕಣಿ, ಯಾವುದೇ ಇರಲಿ. ಕನ್ನಡ ಬಾರದೆ ಒಂದನೇ ತರಗತಿಗೆ ಬಂದ ಮಗು ತಿಂಗಳುಗಟ್ಟಲೆ ಬಾಯಿ ಬಿಡದೇ ಇರಬಹುದು. ಟೀಚರ್ ಅದನ್ನು ನಾಚಿಕೆ ಅಂದುಕೊಳ್ಳಬಹುದು, ಮಂದಬುದ್ಧಿ ಅಂತಲೂ ಅಂದುಕೊಳ್ಳಬಹುದು. ತಾಂಡಾದ ಮನೆಯಲ್ಲಿ ಬೆಳೆದ ಮಗುವಿಗೆ "ಸಾಲಾಗಿ ಕೂತುಕೋ" ಅನ್ನುವುದೇ ಅರ್ಥವಾಗಿರುವುದಿಲ್ಲ. ಇದು ಜೂನ್‌ನಲ್ಲೇ ಗೊತ್ತಾದರೆ ಟೀಚರ್ ಆ ಮಗುವನ್ನು ಅದೇ ಭಾಷೆ ಬಲ್ಲ ಇನ್ನೊಂದು ಮಗುವಿನ ಪಕ್ಕ ಕೂರಿಸುತ್ತಾರೆ. ಗೊತ್ತಾಗದೇ ಹೋದರೆ ಅರ್ಧ ವರ್ಷ ಕಳೆದುಹೋಗುತ್ತದೆ.

ಆರೋಗ್ಯದ ವಿಷಯ ಮುಚ್ಚಿಡಬೇಡಿ. ಫಿಟ್ಸ್ ಬರುತ್ತದೆ, ಉಬ್ಬಸ ಇದೆ, ಒಂದು ಕಿವಿ ಸರಿಯಾಗಿ ಕೇಳುವುದಿಲ್ಲ, ರಾತ್ರಿ ಹಾಸಿಗೆ ಒದ್ದೆ ಮಾಡುತ್ತದೆ, ಏನಿದ್ದರೂ ಹೇಳಿ. ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುತ್ತೇವೆ, ಕಬ್ಬಿಣಾಂಶದ ಮಾತ್ರೆ ಕೊಡುತ್ತೇವೆ. ಮಗು ಬೇರೆ ಔಷಧಿ ತಗೊಳ್ಳುತ್ತಿದ್ದರೆ ಅದು ನಮಗೆ ಗೊತ್ತಿರಬೇಕು. ಮೊಟ್ಟೆ ತಿನ್ನುವುದಿಲ್ಲ ಅಂದರೆ ಅದನ್ನೂ ಹೇಳಿ, ಬೇರೆ ಕೊಡಲು ವ್ಯವಸ್ಥೆ ಇದೆ.

ಇನ್ನೊಂದು ಫೋನ್ ನಂಬರ್. ದಾಖಲೆಯಲ್ಲಿ ಅಪ್ಪನ ನಂಬರ್ ಇರುತ್ತದೆ, ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿರುತ್ತಾರೆ, ಮಗು ಊರಿನಲ್ಲಿ ಅಜ್ಜಿ ಜೊತೆ ಇರುತ್ತದೆ. ಮಧ್ಯಾಹ್ನ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು? ಹತ್ತಿರ ಇರುವವರ ನಂಬರ್ ಒಂದು ಚೀಟಿಯಲ್ಲಿ ಬರೆದು ಕೊಡಿ.

2. ಸಭೆಗೆ ಹೋಗುವ ಮೊದಲು ಎರಡು ಸಂಜೆ ಮಗುವಿನ ಪಕ್ಕ ಕೂರಿ

ನನ್ನ ಪ್ರಕಾರ ಇಡೀ ವರ್ಷದಲ್ಲಿ ಅತಿ ಮುಖ್ಯವಾದ ಕೆಲಸ ಇದೇ. ಕೂತು ಪಾಠ ಹೇಳಿಕೊಡಬೇಕಾಗಿಲ್ಲ, ನೋಡಿದರೆ ಸಾಕು.

ಒಂದು ಉದಾಹರಣೆ ಕೊಡುತ್ತೇನೆ. ಮಗುವಿಗೆ 42ರಲ್ಲಿ 17 ಕಳೆಯಲು ಕೊಡಿ. ತುಂಬಾ ಮಕ್ಕಳು 35 ಅಂತ ಬರೆಯುತ್ತಾರೆ. "ಗಮನ ಇಲ್ಲ, ಆಟದ ಮೇಲೇ ಜ್ಞಾನ" ಅಂತ ನೀವು ಬೈಯುತ್ತೀರಿ. ಆದರೆ ಮಗು ಗಮನ ಕೊಟ್ಟೇ ಮಾಡಿದೆ. ಎರಡರಲ್ಲಿ ಏಳು ಹೋಗುವುದಿಲ್ಲ ಅಂತ ಕಂಡು ಏಳರಲ್ಲಿ ಎರಡು ಕಳೆದು ಐದು ಬರೆದಿದೆ. ನಾಲ್ಕರಲ್ಲಿ ಒಂದು ಕಳೆದು ಮೂರು ಬರೆದಿದೆ. ಪ್ರತಿ ಲೆಕ್ಕದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಾ ಹೋಗುತ್ತದೆ. ಆ ಪುಟವನ್ನು ಹಾಗೇ ಇಟ್ಟುಕೊಳ್ಳಿ, ತಿದ್ದಬೇಡಿ, ಅಳಿಸಬೇಡಿ. ಸಭೆಗೆ ತಗೊಂಡು ಹೋಗಿ "ಇವನು ಹೀಗೆ ಮಾಡ್ತಾನೆ ಮೇಡಂ" ಅಂತ ತೋರಿಸಿ. ಟೀಚರ್‌ಗೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ, ತೊಂದರೆ ಇರುವುದು ಹತ್ತನ್ನು ಬಿಡಿಸಿಕೊಳ್ಳುವಲ್ಲಿ. "ಕಡ್ಡಿ ಕಟ್ಟಿನಿಂದ ಮಾಡಿಸಿ" ಅನ್ನುತ್ತಾರೆ. ಹತ್ತು ಹತ್ತು ಊದುಬತ್ತಿ ಕಡ್ಡಿಯ ನಾಲ್ಕು ಕಟ್ಟು, ಬಿಡಿ ಎರಡು ಕಡ್ಡಿ. ಹದಿನೇಳು ತೆಗೆಯಬೇಕಾದರೆ ಒಂದು ಕಟ್ಟು ಬಿಚ್ಚಲೇಬೇಕು. ಬಿಚ್ಚಿದರೆ ಹನ್ನೆರಡು ಬಿಡಿ ಕಡ್ಡಿ ಆಯಿತು, ಅದರಲ್ಲಿ ಏಳು ಹೋದರೆ ಐದು. ಉಳಿದ ಮೂರು ಕಟ್ಟಿನಲ್ಲಿ ಒಂದು ಹೋದರೆ ಎರಡು. ಇಪ್ಪತ್ತೈದು. "ಲೆಕ್ಕದಲ್ಲಿ ವೀಕು" ಅನ್ನುವ ಮಾತಿನಿಂದ ಇಲ್ಲಿಗೆ ಬರಲು ಆ ಒಂದು ಪುಟವೇ ಬೇಕು.

ಓದುವುದಕ್ಕೂ ಹೀಗೇ. ಪಾಠವನ್ನು ಗಡಗಡ ಓದುವ ಮಗುವಿಗೆ ಅದು ಬಾಯಿಪಾಠ ಆಗಿರಬಹುದು. ಸಾಲಿನ ಮಧ್ಯದ ಒಂದು ಪದದ ಮೇಲೆ ಬೆರಳಿಟ್ಟು "ಇದೇನು?" ಅಂತ ಕೇಳಿ. ಇಲ್ಲವೇ ಬಿಸ್ಕತ್ ಪೊಟ್ಟಣ, ಬಸ್ಸಿನ ಬೋರ್ಡು, ಅಂಗಡಿ ಹೆಸರು ಓದಿಸಿ. ಕಾಗುಣಿತದಲ್ಲಿ ನಿಲ್ಲುತ್ತದೋ, ಒತ್ತಕ್ಷರ ಬಂದಾಗ ನಿಲ್ಲುತ್ತದೋ ನೋಡಿ. ನಿಮಗೆ ಓದಲು ಬರದಿದ್ದರೂ ಎಲ್ಲಿ ತಡವರಿಸಿತು ಅನ್ನುವುದು ಕಿವಿಗೆ ಗೊತ್ತಾಗುತ್ತದೆ. ಆ ಪದದ ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದುಬಿಡಿ. ಸಭೆಯಲ್ಲಿ ಪುಸ್ತಕ ತೆರೆದು ಗೆರೆ ತೋರಿಸಿದರೆ ಆಯಿತು.

ಪುಸ್ತಕವನ್ನು ಮುಖಕ್ಕೆ ತೀರಾ ಹತ್ತಿರ ಹಿಡಿಯುತ್ತದಾ? ಬೋರ್ಡಿನಿಂದ ಬರೆದುಕೊಂಡದ್ದರಲ್ಲಿ ಮಾತ್ರ ತಪ್ಪು ಜಾಸ್ತಿ ಇದೆಯಾ? ಹಾಗಿದ್ದರೆ ಮೊದಲು ಕಣ್ಣು ತೋರಿಸಿ. ಇದನ್ನು ಟೀಚರ್‌ಗೆ ಹೇಳಿದರೆ ಮುಂದಿನ ಬೆಂಚಿಗೆ ಕೂರಿಸುತ್ತಾರೆ.

3. ಉತ್ತರ ಸಿಗುವಂಥ ಪ್ರಶ್ನೆ ಕೇಳಿ

ಮಕ್ಕಳ ಬಗ್ಗೆ ತಿಳಿಯುವುದು ನಿಮ್ಮ ಹಕ್ಕು, ಉಪಕಾರ ಕೇಳಿದ ಹಾಗೆ ಕೇಳಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಶಿಕ್ಷಕರ ಕರ್ತವ್ಯಗಳಿವೆ. ಪೋಷಕರ ಜೊತೆ ನಿಯಮಿತವಾಗಿ ಸಭೆ ಮಾಡಬೇಕು, ಮಗುವಿನ ಹಾಜರಾತಿ, ಕಲಿಯುವ ಶಕ್ತಿ, ಕಲಿಕೆಯಲ್ಲಿ ಆದ ಪ್ರಗತಿ ತಿಳಿಸಬೇಕು ಅನ್ನುವುದು ಅದರಲ್ಲಿ ಒಂದು. ಹಾಗಂತ ಕಾಯ್ದೆ ಹಿಡಿದುಕೊಂಡು ಜಗಳಕ್ಕೆ ಹೋಗಿ ಅಂತಲ್ಲ. ಹಿಂಜರಿಕೆ ಬೇಡ ಅಂತ ಹೇಳಿದೆ ಅಷ್ಟೇ.

ನಾನು ಇಷ್ಟಪಡುವ ಪ್ರಶ್ನೆಗಳು ಇವು. "ಯಾವುದನ್ನು ಈಗ ಯಾರ ಸಹಾಯ ಇಲ್ಲದೆ ಮಾಡ್ತಾಳೆ?" "ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ?" "ಅರ್ಥ ಆಗದಿದ್ದಾಗ ಕೇಳ್ತಾಳಾ, ಸುಮ್ಮನಿರ್ತಾಳಾ?" "ಊಟಕ್ಕೆ ಯಾರ ಜೊತೆ ಕೂತ್ಕೋತಾಳೆ?" ಈ ಕೊನೆಯದನ್ನು ಬಿಡಬೇಡಿ. ಊಟಕ್ಕೆ ಒಬ್ಬಳೇ ಕೂರುವ ಮಗುವಿಗೆ ಶಾಲೆ ಬೇಜಾರಾಗುತ್ತದೆ, ಬೇಜಾರಾದ ಮಗುವಿಗೆ ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಬರುತ್ತದೆ. ಕೊನೆಗೆ, "ಮನೇಲಿ ನಾನು ಮಾಡಬಹುದಾದ ಒಂದೇ ಒಂದು ಕೆಲಸ ಹೇಳಿ" ಅನ್ನಿ. ಹತ್ತು ಹೇಳಿದರೆ ಒಂದೂ ಆಗುವುದಿಲ್ಲ, ಒಂದು ಹೇಳಿದರೆ ಆಗುತ್ತದೆ.

ಒಂದರಿಂದ ಮೂರನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯವೆಲ್ಲ ಹಬ್ಬಿದ ಪದ್ಧತಿ. ಮಕ್ಕಳು ಗುಂಪಿನಲ್ಲಿ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ. ಹೊರಗಿನಿಂದ ನೋಡಿದ ಅಪ್ಪಂದಿರಿಗೆ ಗಾಬರಿ. "ಪುಸ್ತಕ ಇಲ್ಲ, ಹೋಂವರ್ಕ್ ಇಲ್ಲ, ಹಾಡು ಕುಣಿತ ಬಿಟ್ಟು ಬೇರೇನಿಲ್ಲ" ಅಂತ ಹೇಳಿ ಪಕ್ಕದೂರಿನ ಕಾನ್ವೆಂಟಿಗೆ ಹಾಕಿದವರಿದ್ದಾರೆ. ಹಾಗೆ ಅನಿಸಿದರೆ ಟೀಚರ್‌ನ್ನು ಕೇಳಿ: "ಕಲಿಕಾ ಏಣಿಯಲ್ಲಿ ನನ್ನ ಮಗು ಎಲ್ಲಿದೆ, ತೋರಿಸ್ತೀರಾ?" ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದೇ ಕಲಿಕಾ ಏಣಿ. ಪ್ರತಿ ಮಗು ಅದರಲ್ಲಿ ಯಾವ ಮೈಲಿಗಲ್ಲು ದಾಟಿದೆ ಅನ್ನುವುದಕ್ಕೆ ಪ್ರಗತಿ ನೋಟ ಅನ್ನುವ ದಾಖಲೆ ಇರುತ್ತದೆ. ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. ಮುಂದೆ ಹೋಗಿದ್ದರೆ ನಿಮಗೇ ಕಾಣುತ್ತದೆ. ಅಲ್ಲೇ ನಿಂತಿದ್ದರೆ ಕೇಳಲು ಪ್ರಶ್ನೆ ಸಿಕ್ಕಿತು.

ಮಾರ್ಕ್ಸ್ ಕಾರ್ಡಿನ ಬಗ್ಗೆ ಎರಡು ಮಾತು. ವರ್ಷದಲ್ಲಿ ನಾಲ್ಕು ಎಫ್‌ಎ (ಕಲಿಯುತ್ತಿರುವಾಗಲೇ ಮಾಡುವ ಮೌಲ್ಯಮಾಪನ), ಎರಡು ಎಸ್‌ಎ (ಅರ್ಧ ವರ್ಷದ ಕೊನೆಗೆ ಮಾಡುವ ಮೌಲ್ಯಮಾಪನ). ಒಂದೊಂದು ಎಫ್‌ಎಗೆ ನೂರರಲ್ಲಿ 15, ಒಂದೊಂದು ಎಸ್‌ಎಗೆ 20. ಎಫ್‌ಎ ಅಂದರೆ ಪರೀಕ್ಷೆ ಮಾತ್ರ ಅಲ್ಲ, ಮಗು ಮಾಡಿದ ಚಟುವಟಿಕೆಗೂ ಅಂಕ ಇದೆ. ಕಾರ್ಡಿನಲ್ಲಿ ಬಿ+ ಅಂತ ಇದ್ದರೆ 50ರಿಂದ 69ರ ಒಳಗೆ ಎಲ್ಲೋ ಇದೆ ಅಂತ ಅರ್ಥ. ಅಷ್ಟರಿಂದ ಮಗುವಿಗೆ ಗುಣಾಕಾರ ಬರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಉತ್ತರ ಪತ್ರಿಕೆ ಕೇಳಿ ನೋಡಿ. "ಸಮುದಾಯದತ್ತ ಶಾಲೆ" ಕಾರ್ಯಕ್ರಮ ಇರುವುದೇ ನೀವು ಬಂದು ಮಗುವಿನ ಕೆಲಸ ನೋಡಲಿ ಅಂತ. ಪಕ್ಕದ ಮನೆ ಮಗುವಿಗೆ ಎಷ್ಟು ಬಂತು ಅನ್ನುವುದನ್ನು ದಯವಿಟ್ಟು ಕೇಳಬೇಡಿ.

4. ಮಗುವಿನ ಮುಂದೆ ಆಡಬಾರದ ಮಾತು

"ಇವನು ದಡ್ಡ ಮೇಡಂ, ಇವನ ಅಕ್ಕ ಹಿಂಗಿರಲಿಲ್ಲ." ಈ ಮಾತು ಆಡುವಾಗ ಮಗು ಸೆರಗು ಹಿಡಿದುಕೊಂಡು ಪಕ್ಕದಲ್ಲೇ ನಿಂತಿರುತ್ತದೆ. ತಲೆ ಬಗ್ಗಿಸಿ ಕಾಲ್ಬೆರಳಿನಿಂದ ನೆಲ ಕೆರೆಯುತ್ತಿರುತ್ತದೆ. ನೀವು ಟೀಚರ್‌ಗೆ ಮರ್ಯಾದೆ ಕೊಡಲು, ತಗ್ಗಿ ಮಾತಾಡಲು ಹಾಗೆ ಹೇಳುತ್ತೀರಿ, ನನಗೆ ಅರ್ಥವಾಗುತ್ತದೆ. ಮಗುವಿಗೆ ಅದು ಅರ್ಥವಾಗುವುದಿಲ್ಲ. ಮಗುವಿನ ಎದುರು ಮಾತಾಡಲೇಬೇಕಾದರೆ ಮೊದಲು ಅದು ಮಾಡಿದ ಒಂದು ಒಳ್ಳೆಯ ಕೆಲಸ ಹೇಳಿ. ಉಳಿದದ್ದನ್ನು ಮಗುವನ್ನು ಆಟಕ್ಕೆ ಕಳಿಸಿ ಮಾತಾಡಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. "ನಾಲ್ಕು ಬಾರಿಸಿ ಸಾರ್, ನಾವೇನೂ ಕೇಳಲ್ಲ." ಎಷ್ಟೋ ಅಪ್ಪಂದಿರು ಪ್ರೀತಿಯಿಂದಲೇ ಇದನ್ನು ಹೇಳುತ್ತಾರೆ. ಹೊಡೆಯುವುದು, ಅವಮಾನ ಮಾಡುವುದು ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ನೀವು ಅನುಮತಿ ಕೊಟ್ಟರೂ ಅದು ತಪ್ಪೇ. ಇನ್ನೂ ಒಂದು ವಿಷಯ ಯೋಚಿಸಿ. ಹೊಡೆಯಲು ಹೇಳಿದ ಅಪ್ಪನ ಹತ್ತಿರ ಮಗು ನಾಳೆ ಶಾಲೆಯಲ್ಲಿ ಆದ ನೋವನ್ನು ಹೇಳುತ್ತದಾ?

5. ಮನೆಗೆ ಬಂದ ಮೇಲೆ

ಸಭೆ ಮುಗಿಸಿ ಬಂದಾಗ ಮಗು ಬಾಗಿಲಲ್ಲೇ ಕಾಯುತ್ತಿರುತ್ತದೆ, ಏನು ಚಾಡಿ ಬಂತೋ ಅಂತ. ಟೀಚರ್ ಮೆಚ್ಚಿದ್ದನ್ನು ಮೊದಲು ಹೇಳಿ. ಆಮೇಲೆ "ಕಳೆಯೋ ಲೆಕ್ಕ ಇನ್ಮೇಲೆ ಕಡ್ಡಿ ಇಟ್ಕೊಂಡು ಮಾಡೋಣ್ವಾ?" ಅನ್ನಿ. ಒಪ್ಪಿಕೊಂಡ ಆ ಒಂದು ಕೆಲಸವನ್ನು ಹದಿನೈದು ದಿನ ಮಾಡಿ, ಆಮೇಲೆ ಟೀಚರ್‌ಗೆ ತಿಳಿಸಿ. "ಈಗ ಕಟ್ಟು ಬಿಚ್ಚಿ ಮಾಡ್ತಾನೆ, ಬರೆಯುವಾಗ ಮಾತ್ರ ಮರೀತಾನೆ" ಅಂತ ಹೇಳಿದರೆ ಸಾಕು. ಹೀಗೆ ಮರಳಿ ಬಂದು ಹೇಳುವ ಪೋಷಕರು ಕಡಿಮೆ. ಬಂದವರ ಮಗುವಿನ ಮೇಲೆ ನಮ್ಮ ಕಣ್ಣು ತಾನಾಗೇ ಹೋಗುತ್ತದೆ.

6. ಫೋನ್ ಮತ್ತು ವಾಟ್ಸಾಪ್

ತರಗತಿ ಗುಂಪು ಇರುವುದು ರಜೆ, ಸಭೆ, ನಾಳೆ ತರಬೇಕಾದ ವಸ್ತು, ಇಂಥ ಎಲ್ಲರಿಗೂ ಬೇಕಾದ ಸುದ್ದಿಗೆ. ನಿಮ್ಮ ಮಗುವಿನ ವಿಷಯ, ಬೇರೆ ಮಗುವಿನ ಮೇಲಿನ ದೂರು ಅಲ್ಲಿ ಹಾಕಬೇಡಿ. "ಯಾರೋ ನನ್ನ ಮಗಳ ಪೆನ್ಸಿಲ್ ಕದ್ದಿದ್ದಾರೆ" ಅಂತ ಗುಂಪಿನಲ್ಲಿ ಬರೆದರೆ ಸಂಜೆಯೊಳಗೆ ನಾಲ್ಕು ಮನೆಗೆ ಮನಸ್ತಾಪ.

ಟೀಚರ್‌ಗೆ ನೇರವಾಗಿ ಕಳಿಸುವಾಗ ಮಗುವಿನ ಹೆಸರು, ತರಗತಿ ಮೊದಲು ಬರೆಯಿರಿ. "ನಮ್ಮ ಪಾಪುಗೆ ಹುಷಾರಿಲ್ಲ" ಅಂತ ಬಂದರೆ ಯಾವ ಪಾಪು ಅಂತ ಹುಡುಕಬೇಕಾಗುತ್ತದೆ. ಉಳಿದದ್ದು ಹೀಗಿದ್ದರೆ ಚೆನ್ನ: "ನಮಸ್ಕಾರ ಮೇಡಂ. ನಿನ್ನೆ ರಾತ್ರಿಯಿಂದ ಜ್ವರ. ಇವತ್ತು, ನಾಳೆ ಬರುವುದಿಲ್ಲ. ಏನು ಪಾಠ ಆಯ್ತು ಅಂತ ಶನಿವಾರ ಕೇಳ್ತೀನಿ." ಬರೆಯಲು ಬಾರದಿದ್ದರೆ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ರಾತ್ರಿ ಎಂಟರ ನಂತರ ತುರ್ತು ಇಲ್ಲದಿದ್ದರೆ ಬೇಡ. ಟೀಚರ್ ಮನೆಯಲ್ಲೂ ಮಕ್ಕಳಿರುತ್ತಾರೆ.

ಮೆಸೇಜಿನಲ್ಲಿ ಹೇಳಬಾರದ ವಿಷಯಗಳೂ ಇವೆ. ಮನೆಯಲ್ಲಿ ಸಾವಾಗಿದೆ, ಗಂಡ ಹೆಂಡತಿ ಬೇರೆಯಾಗಿದ್ದಾರೆ, ಅಪ್ಪ ಕುಡಿದು ಗಲಾಟೆ ಮಾಡುತ್ತಾರೆ, ಇವನ್ನು ಎದುರಿಗೆ ಕೂತು ಹೇಳಿ. ಪೂರ್ತಿ ಕಥೆ ಬೇಡ. "ಮನೇಲಿ ಸ್ವಲ್ಪ ಕಷ್ಟ ಇದೆ, ಮಗು ಮಂಕಾಗಿದ್ದರೆ ಬೈಯಬೇಡಿ, ಯಾರಿಗೂ ಹೇಳಬೇಡಿ" ಅಂದರೂ ಆಯಿತು.

7. ದೂರು ಇದ್ದರೆ

ಮಗು ಅಳುತ್ತಾ ಬಂದು "ಮಿಸ್ ಹೊಡೆದ್ರು" ಅಂದರೆ ಏನು ಮಾಡಬೇಕು? ಮೊದಲು ಪೂರ್ತಿ ಕೇಳಿ. "ನೀನೇನು ಮಾಡಿದ್ದೆ?" ಅಂತ ಶುರು ಮಾಡಬೇಡಿ, ಮಗು ಅಲ್ಲಿಗೇ ಬಾಯಿ ಮುಚ್ಚುತ್ತದೆ. "ಆಮೇಲೆ ಏನಾಯ್ತು? ಯಾರು ಯಾರಿದ್ರು?" ಅಂತ ಕೇಳಿ. ಮೈಮೇಲೆ ಗುರುತಿದ್ದರೆ ಡಾಕ್ಟರಿಗೆ ತೋರಿಸಿ, ಫೋಟೋ ತೆಗೆದಿಡಿ. ಮರುದಿನ ತಣ್ಣಗೆ ಹೋಗಿ. "ಮಗು ಹೀಗೆ ಹೇಳ್ತು. ಏನಾಯ್ತು ಅಂತ ನಿಮ್ಮಿಂದ ಕೇಳೋಣ ಅಂತ ಬಂದೆ." ಹತ್ತು ಜನರನ್ನು ಕಟ್ಟಿಕೊಂಡು, ವಿಡಿಯೊ ಮಾಡುತ್ತಾ ಹೋದರೆ ನಿಜ ಹೊರಬರುವುದಿಲ್ಲ. ಆಮೇಲೂ ಅದೇ ತರಗತಿಯಲ್ಲಿ ಕೂರಬೇಕಾದದ್ದು ನಿಮ್ಮ ಮಗು.

ಟೀಚರ್ ಜೊತೆ ಮಾತಾಡಿ ಸರಿಹೋಗದಿದ್ದರೆ ಮುಖ್ಯ ಶಿಕ್ಷಕರು. ಅಲ್ಲೂ ಆಗದಿದ್ದರೆ ಪೋಷಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ), ಸುತ್ತಲಿನ ಕೆಲವು ಶಾಲೆಗಳ ಕ್ಲಸ್ಟರನ್ನು ನೋಡಿಕೊಳ್ಳುವ ಸಿಆರ್‌ಪಿ, ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿ. ಬರೆದು ಕೊಡಿ, ನಕಲಿನ ಮೇಲೆ ತಾರೀಕು, ಸಹಿ ಹಾಕಿಸಿಕೊಳ್ಳಿ.

ಮಗುವನ್ನು ಯಾರಾದರೂ ಕೆಟ್ಟದಾಗಿ ಮುಟ್ಟಿದ್ದಾರೆ ಅನ್ನುವ ಅನುಮಾನ ಬಂದರೆ ಮಾತ್ರ ಈ ಯಾವ ಮೆಟ್ಟಿಲೂ ಇಲ್ಲ. ಶಾಲೆ ಮರ್ಯಾದೆ, ಊರ ಮರ್ಯಾದೆ ಯಾವುದನ್ನೂ ನೋಡಬೇಡಿ. ಆ ದಿನವೇ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೊಲೀಸರಿಗೆ ತಿಳಿಸಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ವಿಷಯ ಗೊತ್ತಿದ್ದವರು ತಿಳಿಸಲೇಬೇಕು, ಶಾಲೆಯವರೂ ಅಷ್ಟೇ.

8. ಎಸ್‌ಡಿಎಂಸಿಯಲ್ಲಿ ನಿಮಗೂ ಜಾಗ ಇದೆ

ಶಾಲೆಗೆ ಶೌಚಾಲಯದ ಬಾಗಿಲಿಲ್ಲ, ನೀರಿಲ್ಲ, ಶಿಕ್ಷಕರ ಹುದ್ದೆ ಖಾಲಿ ಇದೆ ಅನ್ನುವುದನ್ನು ತರಗತಿ ಟೀಚರ್ ಹತ್ತಿರ ಹೇಳಿದರೆ ಅವರೇನು ಮಾಡಬಲ್ಲರು? ಇದಕ್ಕೆ ಇರುವುದು ಎಸ್‌ಡಿಎಂಸಿ. ಕರ್ನಾಟಕದಲ್ಲಿ ಇದು 2001ರಿಂದ ಇದೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. ಎಷ್ಟೋ ಕಡೆ ತಾಯಂದಿರ ಹೆಸರಿರುತ್ತದೆ, ಸಭೆಗೆ ಗಂಡ ಬರುತ್ತಾರೆ. ಅಮ್ಮಂದಿರೇ, ನೀವೇ ಬನ್ನಿ. ಬಿಸಿಯೂಟದ ರುಚಿ, ಹೆಣ್ಣುಮಕ್ಕಳ ಶೌಚಾಲಯದ ಸ್ಥಿತಿ ನಿಮಗೆ ಗೊತ್ತಾಗುವಷ್ಟು ಅವರಿಗೆ ಗೊತ್ತಾಗುವುದಿಲ್ಲ. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ನಿಯಮ ಇಲ್ಲ, ಅಲ್ಲಿ ಪೋಷಕರ ಸಂಘ ಇದೆಯಾ ಅಂತ ಕೇಳಿ.

ಟೀಚರ್‌ಗಳು ಇದನ್ನು ಓದುತ್ತಿದ್ದರೆ

ನಮ್ಮಿಂದ ಫೋನ್ ಬಂತು ಅಂದರೆ ಮನೆಯವರು ಹೆದರುತ್ತಾರೆ. ಕೆಟ್ಟ ಸುದ್ದಿಗೆ ಮಾತ್ರ ಫೋನ್ ಮಾಡುವುದರಿಂದ ಹಾಗಾಗಿದೆ. ವರ್ಷಕ್ಕೆ ಒಮ್ಮೆಯಾದರೂ ಪ್ರತಿ ಮನೆಗೆ ಒಂದು ಒಳ್ಳೆಯ ಸುದ್ದಿ ಹೋಗಲಿ. "ಇವತ್ತು ಒಂದು ಪುಟ ತಡವರಿಸದೆ ಓದಿದಳು" ಅಂದರೆ ಸಾಕು. ಸಭೆಯನ್ನು ಕೂಲಿಯವರಿಗೆ ಆಗುವ ಹೊತ್ತಿಗೆ ಇಡಿ. ಸಂತೆಯ ದಿನ, ಶನಿವಾರ, ಅಮಾವಾಸ್ಯೆ, ಊರಿನವರಿಗೆ ಯಾವತ್ತು ಬಿಡುವು ಅನ್ನುವುದನ್ನು ಅವರನ್ನೇ ಕೇಳಿ. ಬಂದವರಿಗೆ ಕೂರಲು ಕುರ್ಚಿ ಕೊಡಿ. ನಾವು ಕೂತು ಅವರನ್ನು ನಿಲ್ಲಿಸಿ ಮಾತಾಡಿದರೆ ಅವರು ಮುಂದಿನ ಸಲ ಬರುವುದಿಲ್ಲ. ಎಲ್ಲರ ಎದುರು ಅಂಕ ಓದಬೇಡಿ.

9. ಏಪ್ರಿಲ್‌ನಲ್ಲಿ ಇನ್ನೊಮ್ಮೆ

ಫಲಿತಾಂಶದ ದಿನ ಮಕ್ಕಳಿಗೆ ಹಬ್ಬ, ದೊಡ್ಡವರಿಗೆ ಅವಸರ. ಆದರೂ ಟೀಚರ್ ಹತ್ತಿರ ಎರಡು ವಿಷಯ ಕೇಳಿಕೊಂಡು ಬನ್ನಿ. ಬೇಸಿಗೆ ರಜೆಯಲ್ಲಿ ಏನು ಮರೆಯದಂತೆ ನೋಡಿಕೊಳ್ಳಬೇಕು, ಮುಂದಿನ ವರ್ಷದ ಟೀಚರ್‌ಗೆ ಈ ಮಗುವಿನ ಬಗ್ಗೆ ಏನು ಗೊತ್ತಿರಬೇಕು.

ಮೂರರಿಂದ ನಾಲ್ಕಕ್ಕೆ ಹೋಗುವ ಮಗುವಿಗೆ ಇದು ಇನ್ನೂ ಮುಖ್ಯ. ನಲಿ-ಕಲಿ ಮುಗಿದು ಪಠ್ಯಪುಸ್ತಕ ಶುರುವಾಗುತ್ತದೆ, ಗುಂಪಿನಿಂದ ಸಾಲಿಗೆ ಬರುತ್ತದೆ, ಉದ್ದುದ್ದ ಉತ್ತರ ಬರೆಯಬೇಕಾಗುತ್ತದೆ. ಮೂರರಲ್ಲಿ ಚೆನ್ನಾಗಿದ್ದ ಮಗು ನಾಲ್ಕರ ಮೊದಲ ಎರಡು ತಿಂಗಳು ಸೊರಗುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಐದು ಮುಗಿಸಿ ಬೇರೆ ಶಾಲೆಗೆ ಹೋಗುವವರು ಟಿಸಿ ತಗೊಳ್ಳುವಾಗ ಹೆಸರು, ಹುಟ್ಟಿದ ತಾರೀಕು ಆಧಾರ್‌ನಲ್ಲಿ ಇರುವಂತೆಯೇ ಇದೆಯಾ ಅಂತ ಅಲ್ಲೇ ನಿಂತು ಓದಿಸಿಕೊಳ್ಳಿ, ಸ್ಯಾಟ್ಸ್ ನಂಬರ್ ಬರೆದುಕೊಳ್ಳಿ. ಮಗುವಿನ ಹಳೇ ನೋಟ್‌ಬುಕ್‌ಗಳಲ್ಲಿ ಕನ್ನಡದ್ದೊಂದು, ಗಣಿತದ್ದೊಂದು ರದ್ದಿಗೆ ಹಾಕದೆ ಎತ್ತಿಡಿ. ಜೂನ್‌ನಲ್ಲಿ ಹೊಸ ಟೀಚರ್‌ನ್ನು ಮೊದಲ ಸಲ ನೋಡಲು ಹೋಗುವಾಗ ಆ ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.